ಪಿಕಪ್ ಹಿಂದೆ ಟ್ರೇಲರ್ ಕಟ್ಟಿ ಮೂಡಿಗೆರೆಯಿಂದ ಕೊಯಮತ್ತೂರಿಗೆ: ಏನೇನು ತಯಾರಿ ಬೇಕು?

ಮೂಡಿಗೆರೆ ಜೀಪು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇಸುಜು ವಿ-ಕ್ರಾಸ್ ಇದೆ. ಹಳೆಯದು, 2.5 ಲೀಟರ್ ಡೀಸೆಲ್, ಐದು ಗೇರಿನ ಮ್ಯಾನ್ಯುಯಲ್. ತೋಟದ ಕೆಲಸಕ್ಕೇ ಜಾಸ್ತಿ ಓಡಿದೆ. ಜೊತೆಗೆ ಒಂದು ಮಹೀಂದ್ರ ಎಂಎಂ540 ಜೀಪು, ಆಫ್‌ರೋಡಿಗೆ ಅಂತಲೇ ರೆಡಿ ಮಾಡಿಟ್ಟಿರುವುದು. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಕೊಯಮತ್ತೂರಿನ ಹತ್ತಿರ ಗೆಳೆಯರ ಜಾಗದಲ್ಲಿ ಅದನ್ನು ಓಡಿಸುವ ಆಸೆ. ಆ ಟಯರಿನಲ್ಲಿ, ಆ ಸದ್ದಿನಲ್ಲಿ ಜೀಪನ್ನೇ ಅಷ್ಟು ದೂರ ಓಡಿಸಿಕೊಂಡು ಹೋಗುವುದು ನನ್ನ ಬೆನ್ನಿಗೆ ಆಗದ ಮಾತು.

ಹಾಗಾಗಿ ಚಿಕ್ಕಮಗಳೂರಿನಲ್ಲಿ ರ‍್ಯಾಲಿ ಕಾರು ಸಾಗಿಸುತ್ತಿದ್ದವರೊಬ್ಬರಿಂದ ಎರಡು ಆಕ್ಸಲ್‌ನ ಟ್ರೇಲರ್ ಕೊಂಡೆ. ಕೆಎ 18 ನೋಂದಣಿ, ಆರ್‌ಸಿ ಇದೆ. ಬ್ರೇಕ್ ಕೂಡ ಇದೆ, ಗಾಡಿ ನಿಧಾನ ಮಾಡಿದಾಗ ಟ್ರೇಲರ್ ತಾನೇ ಮುಂದಕ್ಕೆ ಒತ್ತಿ ಹಿಡಿಯುವ ಥರದ್ದು. ಆದರೆ ಶೆಡ್ಡಿನಲ್ಲಿ ತುಂಬಾ ದಿನದಿಂದ ನಿಂತಿತ್ತು.

ನನ್ನ ಪ್ರಶ್ನೆ: ಈ ಇಂಜಿನ್ ಸಾಕಾ? ಗಾಡಿಗೆ ಏನೇನು ಮಾಡಿಸಬೇಕು? ಯಾವ ದಾರಿ ಒಳ್ಳೆಯದು?

ಆಲೂರು ಎಕ್ಸ್‌ಪ್ರೆಸ್

320 ಎನ್‌ಎಂ ಟಾರ್ಕ್ ಇದೆ ಗುರು. ಜೀಪೇನು, ಜೀಪಿನ ಜೊತೆ ಜೀಪಿನ ಶೆಡ್ಡನ್ನೂ ಎಳೆಯುತ್ತದೆ. ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಹಾಕಿಸಿ, ಹೊರಡಿ.

ಹೇಮಾವತಿ ಹಿನ್ನೀರು

ಆಲೂರು, ಎಳೆಯುವುದನ್ನು ಯಾವ ಇಂಜಿನ್ ಬೇಕಾದರೂ ಎಳೆಯುತ್ತದೆ ಮಾರಾಯ. ಎಳೆದದ್ದನ್ನು ನಿಲ್ಲಿಸಬೇಕಲ್ಲ? ನೆಟ್ಟಗೆ ಬರುವ ಹಾಗೆ ಇಟ್ಟುಕೊಳ್ಳಬೇಕಲ್ಲ? ಕಷ್ಟ ಇರುವುದೆಲ್ಲ ಅಲ್ಲಿ.

ಜೀಪು ಸಾರ್, ಮೊದಲು ಒಂದು ಪೈಸೆ ಖರ್ಚು ಮಾಡುವ ಮುಂಚೆ ವೇ ಬ್ರಿಡ್ಜಿಗೆ ಹೋಗಿ. ಜೋಳ, ಶುಂಠಿ ತೂಗುವ ವೇ ಬ್ರಿಡ್ಜ್ ಹಾಸನದ ಸುತ್ತ ಬೇಕಾದಷ್ಟಿವೆ. ಮೂರು ಚೀಟಿ ತೆಗೆದುಕೊಳ್ಳಿ. ಒಂದು, ಪಿಕಪ್ ಮಾತ್ರ. ಇನ್ನೊಂದು, ಜೀಪು ಹೇರಿದ ಟ್ರೇಲರ್ ಮಾತ್ರ, ಪಿಕಪ್‌ನಿಂದ ಬಿಚ್ಚಿ, ಮುಂದಿನ ಸಣ್ಣ ಚಕ್ರವೂ ಪ್ಲಾಟ್‌ಫಾರಂ ಮೇಲೇ ಇರುವ ಹಾಗೆ. ಮೂರನೆಯದು, ಟ್ರೇಲರನ್ನು ಪಿಕಪ್‌ಗೆ ಕಟ್ಟಿ, ಪಿಕಪ್ ಪ್ಲಾಟ್‌ಫಾರಂ ಆಚೆಗೆ ಹೋಗಿ, ಟ್ರೇಲರಿನ ನಾಲ್ಕು ಚಕ್ರ ಮಾತ್ರ ಮೇಲಿರುವಾಗ. ಎರಡನೆಯದರಲ್ಲಿ ಮೂರನೆಯದನ್ನು ಕಳೆದರೆ ಬರುವುದು ಮೂತಿ ಭಾರ, ಅಂದರೆ ನಿಮ್ಮ ಹಿಚ್ ಮೇಲೆ ಕೂರುವ ಭಾರ. ಇಡೀ ವಿಷಯ ನಿಂತಿರುವುದು ಆ ಒಂದು ಅಂಕಿಯ ಮೇಲೆ.

ಮೂತಿ ಭಾರ ಕಮ್ಮಿ ಆದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಭಾರ ಆಕ್ಸಲ್ಲಿನ ಹಿಂದೆ ಜಾಸ್ತಿ ಇದ್ದಾಗ ಅಡ್ಡಡ್ಡ ತೂಗಾಟ ತಾನಾಗಿ ನಿಲ್ಲುವುದಿಲ್ಲ, ಒಂದು ವೇಗ ದಾಟಿದ ಮೇಲೆ ಪ್ರತಿ ಸಲ ಇನ್ನಷ್ಟು ದೊಡ್ಡದಾಗುತ್ತಾ ಹೋಗುತ್ತದೆ. ಜಾಸ್ತಿ ಆದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂದಿನ ಟಯರ್ ಹಗುರ ಆಗುತ್ತದೆ. ಸ್ಟೇರಿಂಗೂ ಹಗುರ, ಮುಂದಿನ ಬ್ರೇಕೂ ಹಗುರ. ಅಮೆರಿಕದವರು ಟ್ರೇಲರಿನ ಒಟ್ಟು ತೂಕದ 10ರಿಂದ 15 ಶೇಕಡಾ ಇಡುತ್ತಾರೆ. ಯುರೋಪಿನವರು ಅದಕ್ಕಿಂತ ಕಮ್ಮಿ. ನಿಮ್ಮ ಥರದ ಎರಡು ಆಕ್ಸಲ್ ಟ್ರೇಲರಿಗೆ, 70ರ ಒಳಗೆ ಓಡಿಸುವವರಿಗೆ, 8ರಿಂದ 10 ಇದ್ದರೆ ನನಗೆ ಸಮಾಧಾನ. ಆದರೆ ಹಿಚ್ ಮೇಲೆ ಎಷ್ಟು ಭಾರ ಕೂರಬಹುದು ಅಂತ ಹಿಚ್ಚಿನ ಪ್ಲೇಟ್ ಮೇಲೆ ಬರೆದಿರುತ್ತದೆ. ಅದನ್ನು ದಾಟುವ ಹಾಗಿಲ್ಲ.

ಕಾಫಿ ಕಣ

ಇಷ್ಟೆಲ್ಲ ಯಾಕೆ? ಒಂದು ಫ್ಲಾಟ್‌ಬೆಡ್ ಲಾರಿ ಬಾಡಿಗೆಗೆ ಕರೆಸಿ ಜೀಪು ಹತ್ತಿಸಿ ಕಳಿಸಿ. ನೀವು ಕಾರಿನಲ್ಲಿ ಏಸಿ ಹಾಕಿಕೊಂಡು ಆರಾಮಾಗಿ ಹೋಗಿ. ಟ್ರೇಲರ್, ಹಿಚ್, ಟಯರ್, ಇನ್ಶೂರೆನ್ಸ್ ಎಲ್ಲ ಲೆಕ್ಕ ಹಾಕಿದರೆ ಬಾಡಿಗೆಯೇ ಸೋವಿ.

ಮೂಡಿಗೆರೆ ಜೀಪು

ಕಣದ ಅಣ್ಣ, ಲೆಕ್ಕ ಸರಿ ಇದೆ. ಆದರೆ ಟ್ರೇಲರ್ ಆಗಲೇ ಮನೆಗೆ ಬಂದಿದೆ. ಮನೆಯವರಿಗೆ ಅದು ದುಡಿಯುವುದನ್ನು ತೋರಿಸಬೇಕು. 😀

ಶಿರಾಡಿ ಸವಾರ

ನಾನು ಲಾರಿಯವನು. ಹಾಸನ–ಮಂಗಳೂರು ಲೈನು. ಪಿಕಪ್ಪಿನ ವಿಷಯ ನಿಮಗೇ ಗೊತ್ತು, ಇಳಿಜಾರಿನ ವಿಷಯ ನಾನು ಹೇಳುತ್ತೇನೆ.

ಘಾಟಿ ಇಳಿಯುವಾಗ ಗೇರೇ ಬ್ರೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಹಾಕಿಕೊಂಡಿರಬೇಕು. ನಡುವೆ ಹಾಕಲು ಹೋಗಿ ಸಿಕ್ಕದೇ ನ್ಯೂಟ್ರಲ್‌ನಲ್ಲಿ ಉಳಿದರೆ ಕಥೆ ಮುಗಿಯಿತು. ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಮತ್ತೆ ವೇಗ ಏರಿದ ಮೇಲೆ ಮತ್ತೆ ಒತ್ತಿ. ಶಿರಾಡಿಯಲ್ಲಿ ಗುಂಡ್ಯದ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಹೊಡೆಯುವ ಸಣ್ಣ ಗಾಡಿಗಳನ್ನು ದಿನಾ ನೋಡುತ್ತೇವೆ. ಎಲ್ಲ ಪೆಡಲ್ ಮೇಲೆ ಕಾಲಿಟ್ಟುಕೊಂಡು ಬಂದವೇ.

ನಮಗೆ ಹೊಗೆ ಹೋಗುವ ದಾರಿ ತಡೆದು ಇಂಜಿನ್ನಿಂದಲೇ ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಇದೆ. ನಿಮಗೆ ಅದಿಲ್ಲ. ಹಾಗಾಗಿ ಎರಡನೇ ಗೇರ್, ತಾಳ್ಮೆ.

ಹೇಮಾವತಿ ಹಿನ್ನೀರು

ಸವಾರ ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಪಿಕಪ್, ಟ್ರೇಲರ್, ಜೀಪು ಸೇರಿ ನಾಲ್ಕು ಟನ್ ಅಂತ ಇಟ್ಟುಕೊಳ್ಳಿ. ನೂರು ಮೀಟರ್ ಎತ್ತರ ಇಳಿದರೆ ಹೊರಬರುವ ಶಕ್ತಿಯಲ್ಲಿ ಹನ್ನೊಂದು-ಹನ್ನೆರಡು ಲೀಟರ್ ತಣ್ಣೀರು ಕುದಿ ಬರುತ್ತದೆ. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿತ 700 ಮೀಟರಿನ ಮೇಲೆಯೇ ಇದೆ. ಅಷ್ಟು ಬಿಸಿಯನ್ನು ಇಂಜಿನ್ ತೆಗೆದುಕೊಳ್ಳದಿದ್ದರೆ ಡ್ರಮ್ಮು ಡಿಸ್ಕುಗಳೇ ನುಂಗಬೇಕು.

ಹಾಗಾಗಿ ಬ್ರೇಕ್ ಆಯಿಲ್ ಬದಲಾಯಿಸಿ. ಹೊಸ ಡಾಟ್ 4 ದರ್ಜೆಯ ಆಯಿಲ್ ಕಮ್ಮಿ ಅಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 140. ಕುದಿದರೆ ಪೈಪಿನೊಳಗೆ ಆವಿ ಗುಳ್ಳೆ, ಪೆಡಲ್ ನೆಲಕ್ಕೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಎರಡು ವರ್ಷಕ್ಕಿಂತ ಹಳೆಯ ಬ್ರೇಕ್ ಆಯಿಲ್ ನಂಬುವ ಹಾಗಿಲ್ಲ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ನಿಮ್ಮ ಟ್ರೇಲರಿನ ಬ್ರೇಕ್ ಒತ್ತಿದಾಗ ಹಿಡಿಯುವ ಥರದ್ದು. ಇಳಿಜಾರಿನಲ್ಲಿ ನೀವು ಗೇರಿನಲ್ಲಿ ತಡೆದಾಗ ಟ್ರೇಲರ್ ಹಿಂದಿನಿಂದ ಒತ್ತುತ್ತಲೇ ಇರುತ್ತದೆ. ಅಂದರೆ ಅದರ ಬ್ರೇಕ್ ಇಡೀ ಘಾಟಿ ಸ್ವಲ್ಪ ಸ್ವಲ್ಪ ಹಿಡಿದೇ ಇರುತ್ತದೆ. ನೀವು ಪೆಡಲ್ ಮುಟ್ಟದೇ ಇದ್ದರೂ ಟ್ರೇಲರಿನ ಡ್ರಮ್ ಕಾಯುತ್ತದೆ. ಉದ್ದದ ಇಳಿಜಾರು ಇದ್ದರೆ ನಡುವೆ ಅಗಲ ಜಾಗ ನೋಡಿ ನಿಲ್ಲಿಸಿ ಆರಲು ಬಿಡಿ. ನಿಲ್ಲಿಸಿದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಕಾದ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಮರದ ತುಂಡು ಕೊಡಿ.

ಆಲೂರು ಎಕ್ಸ್‌ಪ್ರೆಸ್

ಇಳಿಯುವಾಗ ಫೋರ್ ಬೈ ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿದರೆ?

ಹೇಮಾವತಿ ಹಿನ್ನೀರು

ಬೇಡ. ಒಣ ಟಾರ್ ರಸ್ತೆಯಲ್ಲಿ ಇದರ ಫೋರ್ ಬೈ ಫೋರ್ ಹಾಕಬಾರದು. ಮುಂದಿನ ಹಿಂದಿನ ಆಕ್ಸಲ್ ತಿರುವಿನಲ್ಲಿ ಬೇರೆ ಬೇರೆ ದೂರ ಓಡಬೇಕು, ಆ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ನಡುವೆ ಇಲ್ಲ, ಎಲ್ಲ ಬಿಗಿದುಕೊಳ್ಳುತ್ತದೆ. ಕೆಸರಿಗೆ ಇಟ್ಟುಕೊಳ್ಳಿ.

ಬೇಲೂರು ವೈರ್‌ಮ್ಯಾನ್

ಲೈಟಿನ ವಿಷಯ ಯಾರೂ ಎತ್ತಲಿಲ್ಲ. ಟ್ರೇಲರ್ ಗಾಡಿಗಳಲ್ಲಿ ನನ್ನ ಹತ್ತಿರ ಬರುವ ದೂರು ಮುಕ್ಕಾಲು ಪಾಲು ಒಂದೇ: ಅರ್ತ್.

ಏಳು ಪಿನ್ನಿನ ಸಾಕೆಟ್ ಇರುತ್ತದೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ತ್, ಕೆಂಪು ಬ್ರೇಕ್ ಲೈಟ್, ಕಂದು ಬಲಗಡೆ ಟೇಲ್, ಕಪ್ಪು ಎಡಗಡೆ ಟೇಲ್, ನೀಲಿ ಫಾಗ್ ಲೈಟಿಗೆ. ನಮ್ಮಲ್ಲಿ ಅನೇಕರು ಬಿಳಿ ವೈರನ್ನು ಎಳೆಯದೇ ಹಿಚ್ಚಿನ ಕಬ್ಬಿಣವೇ ಅರ್ತ್ ಕೊಡುತ್ತದೆ ಅಂತ ಬಿಟ್ಟುಬಿಡುತ್ತಾರೆ. ಹಿಚ್ಚಿನ ತುದಿಯ ಬಾಲಿಗೆ (ಕಬ್ಬಿಣದ ಉಂಡೆಗೆ) ಗ್ರೀಸ್ ಹಚ್ಚಿರುತ್ತೀರಿ, ಅದರ ಮೇಲೆ ಕೂರುವ ಟ್ರೇಲರಿನ ಕಪ್ಲರಿಗೆ ತುಕ್ಕು ಇರುತ್ತದೆ, ಅರ್ತ್ ಬರುತ್ತಾ ಹೋಗುತ್ತಾ ಇರುತ್ತದೆ. ಗುರುತು ಹೇಳುತ್ತೇನೆ: ಎಡ ಇಂಡಿಕೇಟರ್ ಹಾಕಿದಾಗ ಅದರ ಜೊತೆ ಟೇಲ್ ಲೈಟೂ ಮಂಕಾಗಿ ಮಿಟುಕಿದರೆ, ಅಥವಾ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಸಣ್ಣಗೆ ಹತ್ತಿದರೆ, ಬಲ್ಬು ಬದಲಾಯಿಸುತ್ತಾ ಕೂರಬೇಡಿ. ಅರ್ತ್ ಇಲ್ಲದ್ದಕ್ಕೆ ಕರೆಂಟು ಬೇರೆ ಬಲ್ಬಿನ ಮೂಲಕ ವಾಪಸ್ ದಾರಿ ಹುಡುಕುತ್ತಿದೆ ಅಂತ ಅರ್ಥ. ಬಿಳಿ ವೈರನ್ನು ಸಾಕೆಟ್‌ನಿಂದ ಪಿಕಪ್ಪಿನ ಚಾಸಿಗೆ, ಪೇಂಟ್ ಕೆರೆದು, ಬೋಲ್ಟ್ ಹಾಕಿ ಕೂರಿಸಿ.

ಎರಡನೆಯದು, ಪಿಕಪ್ಪಿನ ಟೇಲ್ ಲೈಟ್ ವೈರನ್ನು ಕೊಯ್ದು ಟ್ರೇಲರಿನ ಲೈಟನ್ನು ಅದಕ್ಕೇ ಸುತ್ತಬೇಡಿ. ಆ ಸಣ್ಣ ವೈರಿಗೆ ಡಬಲ್ ಲೋಡ್ ಆಗುತ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ಲೈನ್ ಎಳೆದು, ಟೇಲ್ ಲೈಟಿನ ಸಿಗ್ನಲ್‌ನಿಂದ ರಿಲೇ (ಕರೆಂಟಿನಿಂದಲೇ ಆಡುವ ಸ್ವಿಚ್) ಆಡಿಸಿ. ಒಂದು ಅಂಗಡಿಯಲ್ಲಿ ಹಾಗೆ ಟೇಪು ಸುತ್ತಿಸಿಕೊಂಡು ಬಂದ ಗಾಡಿ ನಮ್ಮಲ್ಲಿಗೆ ಬಂದಾಗ ಇಡೀ ಹಿಂದಿನ ಹಾರ್ನೆಸ್ (ವೈರಿನ ಕಟ್ಟು) ಕರಗಿ ಒಂದೇ ಮುದ್ದೆ ಆಗಿತ್ತು.

ವೈರು ನೆಲಕ್ಕೆ ತಾಗಬಾರದು, ತಿರುಗುವಾಗ ಬಿಗಿಯಲೂಬಾರದು. ಪೂರ್ತಿ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ತಿರುಗಿಸಿ ನೋಡಿ.

ರೂಲು ಪುಸ್ತಕ

ಕಾಗದದ ವಿಷಯ ನನ್ನ ಪಾಲಿಗೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಅಂದರೆ ಅದೇ ಒಂದು ವಾಹನ. ಅದಕ್ಕೆ ಬೇರೆ ನೋಂದಣಿ ಬೇಕು. ನಿಮ್ಮ ಹತ್ತಿರ ಆರ್‌ಸಿ ಇದೆ ಅಂದಿರಿ, ಒಳ್ಳೆಯದು, ಆದರೆ ಅದು ನಿಮ್ಮ ಹೆಸರಿಗೆ ಆಗಿದೆಯಾ ನೋಡಿ. 61ನೇ ಸೆಕ್ಷನ್ ಪ್ರಕಾರ ಟ್ರೇಲರಿನ ನಂಬರ್ ಅದರ ಪಕ್ಕದಲ್ಲಿ ಕಾಣಬೇಕು, ಎಳೆಯುವ ಗಾಡಿಯ ನಂಬರ್ ಟ್ರೇಲರಿನ ಮೇಲೆ ಇರಬೇಕು. ಜೀಪಿನ ನಂಬರ್ ಪ್ಲೇಟ್ ಹಿಂದೆ ಕಾಣುತ್ತಿದೆಯಲ್ಲ ಅಂತ ಪೊಲೀಸರ ಹತ್ತಿರ ವಾದ ಮಾಡಬೇಡಿ, ಅದು ಹೇರಿದ ಸಾಮಾನು ಅಷ್ಟೇ.

ಪಿಕಪ್ಪಿನ ಇನ್ಶೂರೆನ್ಸ್ ಟ್ರೇಲರನ್ನು ತಾನಾಗಿ ಒಳಗೊಳ್ಳುವುದಿಲ್ಲ. ಪಾಲಿಸಿಯಲ್ಲಿ ಟ್ರೇಲರನ್ನು ಸೇರಿಸಿ ಅಂತ ಕೇಳಿ, ಬರೆಸಿಕೊಳ್ಳಿ. ಅಪಘಾತ ಆದಾಗ ಮೊದಲು ತೆಗೆಯುವ ತಕರಾರೇ ಇದು.

ಓವರ್‌ಲೋಡ್ ಹಗುರವಾಗಿ ತೆಗೆದುಕೊಳ್ಳಬೇಡಿ. 2019ರ ತಿದ್ದುಪಡಿ ಆದ ಮೇಲೆ 194ನೇ ಸೆಕ್ಷನ್ ಕೆಳಗೆ ದಂಡ 20,000 ರೂಪಾಯಿ, ಅದರ ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ಟ್ರೇಲರಿನ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ನಿಮ್ಮ ವೇ ಬ್ರಿಡ್ಜ್ ಚೀಟಿಗಿಂತ ಕಮ್ಮಿ ಇದ್ದರೆ ಹೊರಡಲೇಬೇಡಿ.

ಕಾಫಿ ಕಣ

ನೋಡಿ, ಅದಕ್ಕೇ ಹೇಳಿದ್ದು ಫ್ಲಾಟ್‌ಬೆಡ್ ಅಂತ.

ಮೂಡಿಗೆರೆ ಜೀಪು

ಕಣದ ಅಣ್ಣ, ಬಿಡುವುದಿಲ್ಲವಲ್ಲ ನೀವು.

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ವೇ ಬ್ರಿಡ್ಜಿಗೆ ಹೋಗಿ ಬಂದೆ. ಅಲ್ಲಿನ ಹುಡುಗ ಮೊದಲು ನಕ್ಕ, ಆಮೇಲೆ ಅವನಿಗೂ ಕುತೂಹಲ ಆಯಿತು. ಪಿಕಪ್, ಅರ್ಧ ಟ್ಯಾಂಕ್ ಡೀಸೆಲ್, ನಾನು ಒಳಗೆ: 2,020 ಕೆಜಿ. ಜೀಪು ಹೇರಿದ ಟ್ರೇಲರ್ ಬಿಚ್ಚಿ ತೂಗಿದ್ದು: 1,940. ಕಟ್ಟಿದ ಮೇಲೆ ಟ್ರೇಲರ್ ಚಕ್ರ ಮಾತ್ರ: 1,880. ಮೂತಿ ಭಾರ 60 ಕೆಜಿ ಅಂತಾಯಿತು. ಆರ್‌ಸಿಯಲ್ಲಿ ಟ್ರೇಲರಿನ ಒಟ್ಟು ತೂಕ ಇದಕ್ಕಿಂತ ಜಾಸ್ತಿಯೇ ಇದೆ, ಹೆಸರೂ ನನ್ನದಕ್ಕೆ ಆಗಿದೆ. ಇನ್ಶೂರೆನ್ಸ್ ಮುಗಿದಿತ್ತು, ಮಾಡಿಸುತ್ತಿದ್ದೇನೆ.

ಹಿಚ್ ಬಾಲ್ 50 ಮಿ.ಮೀ. ಟಯರ್ 175/70 ಆರ್13, ಅದರ ಮುಂದೆ 82 ಅಂತ ಇದೆ. ಟಯರ್ ಪಕ್ಕ 0914 ಅಂತ ನಾಲ್ಕು ಅಂಕಿ ಕಾಣುತ್ತಿದೆ.

ಹೇಮಾವತಿ ಹಿನ್ನೀರು

60 ಕೆಜಿ ಅಂದರೆ ಒಟ್ಟು ತೂಕದ 3 ಶೇಕಡಾ. ಇದರಲ್ಲಿ ಹೆದ್ದಾರಿಗೆ ಹೋಗಬೇಡಿ.

ಸರಿ ಮಾಡುವುದು ಸುಲಭ. ಜೀಪನ್ನು ಮುಂದಕ್ಕೆ ಸರಿಸಿ. ಹಿಚ್ ಬಾಲಿನಿಂದ ಎರಡು ಆಕ್ಸಲ್‌ಗಳ ನಡುಮಧ್ಯಕ್ಕೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಯಿರಿ. ಮೂರೂವರೆ ಮೀಟರ್ ಇದೆ ಅಂದುಕೊಳ್ಳೋಣ. ಜೀಪು 1,350 ಕೆಜಿ ಇದ್ದರೆ, ಅದನ್ನು 25 ಸೆಂ.ಮೀ. ಮುಂದೆ ತಂದರೆ ಮೂತಿಗೆ ಸೇರುವುದು 1,350 ಗುಣಿಸು 0.25 ಭಾಗಿಸು 3.5, ಅಂದರೆ 96 ಕೆಜಿ ಚಿಲ್ಲರೆ. ಮೊದಲಿದ್ದ 60 ಸೇರಿ 156. ಅದು 8 ಶೇಕಡಾ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಜೀಪಿನ ಮೂತಿ ಮುಂದಕ್ಕೇ ಇರಲಿ, ಇಂಜಿನ್ ಭಾರ ಆ ಕಡೆ ಇರುತ್ತದೆ. ಸರಿಯಾದ ಜಾಗ ಸಿಕ್ಕಿದ ಮೇಲೆ ಟ್ರೇಲರ್ ಹಲಗೆ ಮೇಲೆ ಅಡ್ಡ ಪಟ್ಟಿ ಬೆಸುಗೆ ಹಾಕಿಸಿ, ಪ್ರತಿ ಸಲ ಮುಂದಿನ ಚಕ್ರ ಅಲ್ಲಿಗೇ ಬಂದು ನಿಲ್ಲಲಿ. ಮತ್ತೆ ತೂಗಿ ನೋಡಿ, ಲೆಕ್ಕವನ್ನು ನಂಬಿ ಬಿಡಬೇಡಿ.

ಕಟ್ಟುವ ಮುಂಚೆ ಪಿಕಪ್ಪಿನ ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದುಕೊಳ್ಳಿ. ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ತುಂಬಾ ಎದ್ದಿದ್ದರೆ ಮುಂದಿನ ಭಾರ ಕಮ್ಮಿ ಆಗಿದೆ ಅಂತ. ಆಗ ಪಿಕಪ್ಪಿನ ಡೆಕ್ಕಿನಲ್ಲಿ ಟೂಲ್ ಬಾಕ್ಸ್, ಸ್ಟೆಪ್ನಿ, ಜೆರ್ರಿ ಕ್ಯಾನ್ ಎಲ್ಲ ಹಿಂದಿನ ಬಾಗಿಲಿಗೆ ಒತ್ತಿ ಇಡದೇ ಕ್ಯಾಬಿನ್ ಕಡೆ ತನ್ನಿ. ಹಿಂದಿನ ಸ್ಪ್ರಿಂಗಿಗೆ ಲೀಫ್ ಪ್ಲೇಟ್ ಸೇರಿಸುವುದು ಆಮೇಲಿನ ಮಾತು. ಪ್ಲೇಟ್ ಸೇರಿಸಿದರೆ ಹಿಂಭಾಗ ಎತ್ತರ ಆಗುತ್ತದೆ, ಆದರೆ ಗಾಡಿ ಹೊರಬಹುದಾದ ತೂಕ ಆರ್‌ಸಿಯಲ್ಲಿ ಹಾಗೇ ಇರುತ್ತದೆ.

ಆಸ್ಟ್ರೇಲಿಯಾದಲ್ಲಿ ನಿಮ್ಮ ಗಾಡಿಯದೇ ವಂಶದ ಈಗಿನ ಇಸುಜು ಡಿ-ಮ್ಯಾಕ್ಸ್‌ಗೆ ಬ್ರೇಕ್ ಇರುವ ಟ್ರೇಲರ್ ಆದರೆ ಎಳೆಯುವ ಮಿತಿ 3,500 ಕೆಜಿ, ಬ್ರೇಕ್ ಇಲ್ಲದಿದ್ದರೆ 750 ಅಂತ ಕೊಟ್ಟಿದ್ದಾರೆ. ಯೂಟ್ಯೂಬ್ ನೋಡಿ ಅದನ್ನು ಇಲ್ಲಿ ಹೇಳುವವರು ಬರುತ್ತಾರೆ. ಅದು ಅಲ್ಲಿನ ಗಾಡಿ, ಅಲ್ಲಿನ ಹಿಚ್ಚು. ಆದರೆ ಆ ಎರಡು ಅಂಕಿಯ ನಡುವಿನ ಅಂತರ ನೋಡಿ. ಅದೇ ಗಾಡಿ, ಅದೇ ಇಂಜಿನ್. ಟ್ರೇಲರಿಗೆ ಬ್ರೇಕ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ 2,750 ಕೆಜಿ ವ್ಯತ್ಯಾಸ.

ಶಿರಾಡಿ ಸವಾರ

0914 ಅಂದರೆ 2014ರ ಒಂಬತ್ತನೇ ವಾರದಲ್ಲಿ ತಯಾರಾದ ಟಯರ್. ಟಯರಿನ ಗೀರು ಎಷ್ಟೇ ಆಳ ಇರಲಿ, ತೆಗೆದು ಎಸೆಯಿರಿ. ನಿಂತಲ್ಲೇ ನಿಂತ ಟಯರ್ ಓಡಿದ ಟಯರಿಗಿಂತ ಬೇಗ ಹಾಳಾಗುತ್ತದೆ. ವಯಸ್ಸಿಗೆ ಪಕ್ಕದ ರಬ್ಬರ್ ಸೀಳಿರುತ್ತದೆ.

ಹೇಮಾವತಿ ಹಿನ್ನೀರು

ಹೌದು. 82 ಅಂತ ಇರುವುದು ಲೋಡ್ ಇಂಡೆಕ್ಸ್. 82 ಅಂದರೆ ಒಂದು ಟಯರಿಗೆ 475 ಕೆಜಿ. ಜೀಪು ಸರಿಸಿದ ಮೇಲೆ ನಿಮ್ಮ ನಾಲ್ಕು ಟಯರಿನ ಮೇಲೆ ಸುಮಾರು 1,780, ಅಂದರೆ ಒಂದೊಂದಕ್ಕೆ 445. ಕಾಗದದ ಮೇಲೆ ಪಾಸು. ಆದರೆ ನಾಲ್ಕೂ ಟಯರ್ ಸಮ ಹೊರುವುದಿಲ್ಲ. ಹಂಪ್ ಹತ್ತುವಾಗ ಒಂದು ಆಕ್ಸಲ್ ಇಡೀ ಭಾರ ಹೊರುತ್ತದೆ. ಮೂಡಿಗೆರೆಯಿಂದ ಬೇಲೂರು, ಹಾಸನಕ್ಕೆ ಬರುವಷ್ಟರಲ್ಲಿ ಬಣ್ಣ ಇಲ್ಲದ ಹಂಪು ಎಷ್ಟಿವೆ ಅಂತ ನಿಮಗೇ ಗೊತ್ತಲ್ವಾ? 90 ಇಂಡೆಕ್ಸ್, ಅಂದರೆ 600 ಕೆಜಿಯ ಟಯರ್, ನಿಮ್ಮ ರಿಮ್ಮಿಗೆ ಕೂರುವ ಅಳತೆಯಲ್ಲಿ ಸಿಗುತ್ತದಾ ಕೇಳಿ. ಐದು ಕೊಳ್ಳಿ, ನಾಲ್ಕಲ್ಲ. ಪಿಕಪ್ಪಿನ ಸ್ಟೆಪ್ನಿ ಟ್ರೇಲರಿಗೆ ಬರುವುದಿಲ್ಲ.

ಬಾಲ್ 50 ಮಿ.ಮೀ. ಸರಿ. ಆದರೆ ಟ್ರೇಲರಿನ ಕಪ್ಲರ್ ಮೇಲೆ ಏನು ಬರೆದಿದೆ ನೋಡಿ. ಅಮೆರಿಕದ ಎರಡು ಇಂಚಿನ ಕಪ್ಲರ್ 50.8 ಮಿ.ಮೀ. ಬಾಲಿಗೆ ಮಾಡಿದ್ದು. ಕಣ್ಣಿಗೆ ಎರಡೂ ಒಂದೇ. ಸವೆದ 50ರ ಬಾಲಿಗೆ ಅದನ್ನು ಹಾಕಿದರೆ ಲಾಕ್ ಆದಂತೆ ಕಾಣುತ್ತದೆ, ದೊಡ್ಡ ಹಂಪಿನಲ್ಲಿ ಎಗರಿ ಬರಬಹುದು. ವರ್ನಿಯರ್ ಹಿಡಿದು ಅಳೆಯಿರಿ.

ಕಟ್ಟಿದ ಮೇಲೆ ಒಂದು ಪರೀಕ್ಷೆ: ಟ್ರೇಲರಿನ ಮುಂದಿನ ಸಣ್ಣ ಚಕ್ರದ ಹಿಡಿ ತಿರುಗಿಸುತ್ತಾ ಮೂತಿಯನ್ನು ಮೇಲೆತ್ತಿ. ಲಾಕ್ ಸರಿಯಾಗಿ ಕೂತಿದ್ದರೆ ಪಿಕಪ್ಪಿನ ಹಿಂಭಾಗವೂ ಜೊತೆಗೇ ಏಳುತ್ತದೆ. ಕಪ್ಲರ್ ಮಾತ್ರ ಎದ್ದು ಬಂದರೆ ಲಾಕ್ ಆಗಿಲ್ಲ. ಆಮೇಲೆ ಎರಡು ಸರಪಳಿ, ಕಪ್ಲರಿನ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವ ಹಾಗೆ. ಕಪ್ಲರ್ ಕಳಚಿದರೂ ಮೂತಿ ಆ ಸರಪಳಿಯ ತೊಟ್ಟಿಲ ಮೇಲೆ ಕೂರುತ್ತದೆ, ರಸ್ತೆಗೆ ಕೊರೆಯುವುದಿಲ್ಲ. ಟ್ರೇಲರ್ ಬ್ರೇಕ್ ಎಳೆಯುವ ಸಣ್ಣ ಕೇಬಲ್ ಇದ್ದರೆ ಅದನ್ನು ಬಾಲಿಗೆ ಸಿಕ್ಕಿಸಬೇಡಿ, ಪಿಕಪ್ಪಿನಲ್ಲಿ ಬೇರೆಯೇ ಗಟ್ಟಿ ಕೊಂಡಿಗೆ ಹಾಕಿ. ಬಾಲೇ ಮುರಿದು ಬಂದರೆ ಕೇಬಲ್ಲೂ ಅದರ ಜೊತೆ ಬರುತ್ತದಲ್ಲ.

ಬಾಣಾವರ ಬೊಲೆರೊ

ಜೀಪು ಕಟ್ಟುವ ಬೆಲ್ಟಿನ ಬಗ್ಗೆ ಒಂದು ಮಾತು. ಬಂಪರಿಗೋ ಚಾಸಿಗೋ ಕಟ್ಟಿದರೆ ಜೀಪಿನ ಸಸ್ಪೆನ್ಷನ್ ಕುಣಿದಾಗೆಲ್ಲ ಬೆಲ್ಟ್ ಬಿಗಿ-ಸಡಿಲ ಆಗುತ್ತಾ ಇರುತ್ತದೆ. ಆಕ್ಸಲ್‌ಗೇ ಕಟ್ಟಿ. ಮುಂದೆ ಎರಡು, ಹಿಂದೆ ಎರಡು, ರ‍್ಯಾಚೆಟ್ ಬೆಲ್ಟ್. ಬೆಲ್ಟ್ ಮೇಲೆ ಎಷ್ಟು ಭಾರ ತಡೆಯುತ್ತದೆ ಅಂತ ಲೇಬಲ್ ಹೊಲಿದಿರಬೇಕು. ಹಗ್ಗದಂಗಡಿಯ ನೈಲಾನ್ ಪಟ್ಟಿ ಬೇಡ. ಜೀಪು ಗೇರಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಇನ್ನೊಂದು ಸಲ ಬಿಗಿ ಮಾಡಿ. ಮೊದಲ ಗುಂಡಿಗಳಲ್ಲಿ ಎಲ್ಲ ಕೂತುಕೊಂಡು ಸಡಿಲ ಆಗಿರುತ್ತದೆ.

ಮೂಡಿಗೆರೆ ಜೀಪು

ದಾರಿ ಯಾವುದು ಅಂತ ಯಾರೂ ಹೇಳಲಿಲ್ಲ. ಹಾಸನ, ಮೈಸೂರು, ಚಾಮರಾಜನಗರ, ದಿಂಬಂ ಘಾಟಿ ಇಳಿದು ಸತ್ಯಮಂಗಲ ಅಂತ ಯೋಚನೆ. ಹತ್ತಿರ ಆಗುತ್ತದೆ.

ಆಲೂರು ಎಕ್ಸ್‌ಪ್ರೆಸ್

ದಿಂಬಂ ಸೂಪರ್ ಗುರು. ಬಸ್ಸೇ ಇಳಿಯುತ್ತದೆ, ನಿಮ್ಮದೇನು.

ಶಿರಾಡಿ ಸವಾರ

ಬಸ್ಸು ಒಂದೇ ಗಾಡಿ. ನಿಮ್ಮದು ನಡುವೆ ಮಡಚುವ ಗಾಡಿ. ದಿಂಬಂನಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ತಿರುವಿನಲ್ಲಿ ಟ್ರೇಲರಿನ ಚಕ್ರ ಪಿಕಪ್ಪಿನ ಜಾಡಿನಲ್ಲಿ ಬರುವುದಿಲ್ಲ, ಒಳಗಿನಿಂದ ಅಡ್ಡ ಹಾಯುತ್ತದೆ. ಹಾಗಾಗಿ ನೀವು ಎದುರು ಬರುವವರ ಜಾಗಕ್ಕೆ ನುಗ್ಗಿಯೇ ತಿರುಗಿಸಬೇಕು. ಎದುರಿಗೆ ಕಬ್ಬಿನ ಲಾರಿ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು, ಅವನಂತೂ ಹೋಗುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ರಿವರ್ಸ್ ಹಾಕಲು ಗೊತ್ತಾ? ಕಾಡಿನ ದಾರಿ, ರಾತ್ರಿ ಓಡಾಟಕ್ಕೆ ನಿಷೇಧ ಬೇರೆ.

ಬೆಂಗಳೂರಿನ ಮೇಲೆ ಹೋಗಿ. ಹಾಸನದಿಂದ ನೆಲಮಂಗಲಕ್ಕೆ ನಾಲ್ಕು ಪಥ. ನೈಸ್ ರಸ್ತೆ ಹಿಡಿದು ಹೊಸೂರು ರಸ್ತೆಗೆ ಬೀಳಿ, ಊರೊಳಗೆ ಹೋಗುವುದೇ ಬೇಡ. ಕೃಷ್ಣಗಿರಿ, ಧರ್ಮಪುರಿ, ಸೇಲಂ, ಅಲ್ಲಿಂದ ಅವಿನಾಶಿ ಮೇಲೆ ಕೊಯಮತ್ತೂರು. ಮೂಡಿಗೆರೆಯಿಂದ ಸುಮಾರು 600 ಕಿ.ಮೀ. ಆಗುತ್ತದೆ, ದಿಂಬಂ ದಾರಿಗಿಂತ 200 ಹತ್ತಿರ ಜಾಸ್ತಿ. ಆಗಲಿ ಬಿಡಿ, ನಡುವೆ ಒಂದು ರಾತ್ರಿ ಮಲಗಿ.

ಆ ದಾರಿಯಲ್ಲಿ ಎಚ್ಚರ ಬೇಕಾದ ಜಾಗ ಒಂದೇ, ಧರ್ಮಪುರಿ ಬಿಟ್ಟು ಸೇಲಂ ಕಡೆಗೆ ಹೋಗುವಾಗ ಸಿಗುವ ತೊಪ್ಪೂರು. ರಸ್ತೆ ಅಗಲ ಇದೆ, ನೋಡಲು ಘಾಟಿ ಅನಿಸುವುದಿಲ್ಲ, ಅದೇ ಮೋಸ. ಬ್ರೇಕ್ ಹೋದ ಲಾರಿ ಮುಂದಿನ ಗಾಡಿಗಳಿಗೆ ಗುದ್ದಿ ಅಲ್ಲಿ ಆಗಿರುವ ಸಾವು ಒಂದೆರಡಲ್ಲ. ನೀವು ನಿಧಾನ ಇಳಿದರೂ ಹಿಂದಿನವನ ಬ್ರೇಕ್ ನಿಮ್ಮ ಕೈಲಿಲ್ಲ. ಬೆಳಗಿನ ಹೊತ್ತು, ಎಡಗಡೆ ಲೇನು, ಮೂರನೇ ಗೇರ್, ಕನ್ನಡಿ ಮೇಲೆ ಕಣ್ಣು.

ಹೇಮಾವತಿ ಹಿನ್ನೀರು

ನಾನೂ ಇದೇ ದಾರಿ ಹೇಳುತ್ತಿದ್ದೆ. ಕನ್ನಡಿ ಅಂದಿರಲ್ಲ, ಜೀಪು ಪಿಕಪ್ಪಿಗಿಂತ ಅಗಲ ಇಲ್ಲದಿದ್ದರೂ ಟ್ರೇಲರಿನ ಮಡ್‌ಗಾರ್ಡ್ ಹೊರಗೆ ಬಂದಿರುತ್ತದೆ. ಎರಡೂ ಕನ್ನಡಿಯಲ್ಲಿ ಟ್ರೇಲರ್ ಚಕ್ರ ಕಾಣಬೇಕು. ಕಾಣದಿದ್ದರೆ ಕನ್ನಡಿಗೆ ಸಿಕ್ಕಿಸುವ ಉದ್ದನೆಯ ಇನ್ನೊಂದು ಕನ್ನಡಿ ಹಾಕಿ.

ನೆಟ್ಟ ರಸ್ತೆಯಲ್ಲಿ ದೊಡ್ಡ ಬಸ್ಸು ಹಿಂದಿನಿಂದ ದಾಟಿ ಹೋದಾಗ ಅದರ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳುತ್ತದೆ, ಆಮೇಲೆ ಒಳಕ್ಕೆ ಎಳೆಯುತ್ತದೆ. ತೂಗಾಟ ಶುರುವಾದರೆ ಸ್ಟೇರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ವೇಗ ಕೊಟ್ಟು ಎಳೆದುಕೊಂಡು ಹೋಗುತ್ತೇನೆ ಅಂತಲೂ ಬೇಡ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ. ಬ್ರೇಕ್ ಜೋರಾಗಿ ಒತ್ತಬೇಡಿ. ತಾನಾಗಿ ನಿಲ್ಲುತ್ತದೆ. ನಿಂತ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಯಾಕೆ ಬಂತು ಅಂತ ನೋಡಿ. ಟಯರಿನ ಗಾಳಿ, ಸರಿದ ಜೀಪು, ಇವೆರಡರಲ್ಲಿ ಒಂದು ಇರುತ್ತದೆ.

ಇಂಜಿನ್ ಬಗ್ಗೆ ಕೇಳಿದ್ದಿರಿ. ತೋಟದಲ್ಲಿ ಓಡಿದ ಗಾಡಿ ಅಂದರೆ ನನಗೆ ರೇಡಿಯೇಟರಿನ ಯೋಚನೆ. ಏಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೆಂಪು ಮಣ್ಣು, ಕಾಫಿ ಸಿಪ್ಪೆ, ಎಲೆ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಚೊಕ್ಕವಾಗೇ ಕಾಣುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆ ಮಡಚಿಕೊಳ್ಳುತ್ತವೆ. ಏರ್ ಫಿಲ್ಟರ್ ಹೊಸದು ಹಾಕಿ, ಕೂಲೆಂಟ್ ಹಳೆಯದಾಗಿದ್ದರೆ ಬದಲಾಯಿಸಿ, ಡಿಫರೆನ್ಷಿಯಲ್ ಆಯಿಲ್ ಕೂಡ. ಏರಿನಲ್ಲಿ ಐದನೇ ಗೇರಿನಲ್ಲಿ ಗುರ್ ಅನ್ನಿಸುತ್ತಾ ಎಳೆಯಬೇಡಿ, ನಾಲ್ಕಕ್ಕೆ ಬಂದು 2,000 ಸುತ್ತಿನ ಮೇಲೆ ಇಟ್ಟುಕೊಳ್ಳಿ. ಕ್ಲಚ್ ಹಾಳಾಗುವುದು ಹೆದ್ದಾರಿಯಲ್ಲಲ್ಲ, ರಿವರ್ಸ್ ಹಾಕುವಾಗ, ಅರ್ಧ ಕ್ಲಚ್ಚಿನಲ್ಲಿ ಒದ್ದಾಡುವಾಗ. ಈ ಗಾಡಿಯ ರಿವರ್ಸಿಗೆ ಲೋ ರೇಂಜ್ ಹಾಕಬಹುದು, ನೆಲ ಮಣ್ಣಿನದಾಗಿದ್ದರೆ ಮಾತ್ರ.

ರಿವರ್ಸ್ ಅಭ್ಯಾಸಕ್ಕೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಟೇರಿಂಗಿನ ಕೆಳಭಾಗದಲ್ಲಿ ಒಂದು ಕೈ ಇಡಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ಸ್ವಲ್ಪ ಸ್ವಲ್ಪ. ಮಡಚಲು ಶುರುವಾದರೆ ಹಟ ಮಾಡದೇ ಮುಂದೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬನ್ನಿ.

ಕಾಫಿ ಕಣ

ನನ್ನ ಹೆಸರು ಹಾಳು ಮಾಡಬೇಡಿ. ಆದರೆ ಕಣ ಖಾಲಿ ಇದೆ, ಬೇಕಾದರೆ ಬಂದು ಅಭ್ಯಾಸ ಮಾಡಿ.

ಮೂಡಿಗೆರೆ ಜೀಪು

ಬರುತ್ತೇನೆ ಅಣ್ಣ, ಕಾಫಿ ನಿಮ್ಮದೇ.

ಇವತ್ತು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬಂದೆ, ಟ್ರಯಲ್. ಹೊಸ ಟಯರ್, ಹೊಸ ಬ್ರೇಕ್ ಶೂ, ನಾಲ್ಕೂ ಹಬ್‌ನ ಬೇರಿಂಗಿಗೆ ಹೊಸ ಗ್ರೀಸ್. ಜೀಪು ಸರಿಸಿ ಮತ್ತೆ ತೂಗಿಸಿದೆ, ಮೂತಿ ಭಾರ 160 ಬಂತು. ಹಿಚ್ಚಿನ ಮಿತಿ ಒಳಗೇ ಇದೆ. 65ರಲ್ಲಿ ಒಂದಿಷ್ಟೂ ಅಲ್ಲಾಡಲಿಲ್ಲ. ಒಂದೇ ಚಿಂತೆ. ಶಾಂತಿಗ್ರಾಮ ಟೋಲ್ ದಾಟಿ ಟೀಗೆ ನಿಲ್ಲಿಸಿದಾಗ ಹಬ್ ಮುಟ್ಟಿ ನೋಡಿದೆ. ಮೂರು ಬೆಚ್ಚಗಿವೆ. ಎಡಗಡೆ ಹಿಂದಿನದು ಕೈ ಇಡಲಾಗದಷ್ಟು ಬಿಸಿ.

ಶಿರಾಡಿ ಸವಾರ

ಬೇರಿಂಗ್ ನಟ್ ಜಾಸ್ತಿ ಬಿಗಿ ಮಾಡಿರುತ್ತಾರೆ. ಇಲ್ಲಾ, ಶೂ ಉಜ್ಜುತ್ತಿದೆ.

ಹೇಮಾವತಿ ಹಿನ್ನೀರು

ಎರಡರಲ್ಲಿ ಯಾವುದು ಅಂತ ಹೀಗೆ ಗೊತ್ತುಮಾಡಿ. ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಕೈಯಲ್ಲಿ ತಿರುಗಿಸಿ. ಸುರ್ ಅಂತ ಉಜ್ಜುವ ಸದ್ದು ಬಂದು ಬೇಗ ನಿಂತರೆ ಬ್ರೇಕ್ ಶೂ. ಸದ್ದಿಲ್ಲದೇ ಬಿಗಿಯಾಗಿ ತಿರುಗಿದರೆ ಬೇರಿಂಗ್ ನಟ್. ಟಯರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ನಟ್ ಸಡಿಲ, ಅದೂ ಬಿಸಿ ಆಗುತ್ತದೆ.

ಮೂಡಿಗೆರೆ ಜೀಪು

ಶೂ. ಸುರ್ ಅಂತ ಸದ್ದು ಬಂತು. ಅಡ್ಜಸ್ಟರ್ ಎರಡು ಹಲ್ಲು ಹಿಂದಕ್ಕೆ ತಿರುಗಿಸಿದ ಮೇಲೆ ಸರಾಗ ಆಯಿತು. ಬೇಲೂರಿನವರೆಗೆ ಹೋಗಿ ಬಂದೆ, ನಾಲ್ಕೂ ಒಂದೇ ಬಿಸಿ.

ಹೇಮಾವತಿ ಹಿನ್ನೀರು

ಹಾಗಾದರೆ ಹೊರಡಬಹುದು. ಚಕ್ರದ ನಟ್ ಬಿಚ್ಚಿ ಹಾಕಿದ್ದೀರಿ, ಹೊಸ ಟಯರ್ ಬೇರೆ. ಐವತ್ತು-ನೂರು ಕಿ.ಮೀ. ಆದ ಮೇಲೆ ಎಲ್ಲ ನಟ್ ಮತ್ತೆ ಬಿಗಿ ಮಾಡಿ. ಟ್ರೇಲರಿನ ನಟ್ಟಿಗೆ ಪಿಕಪ್ಪಿನ ಸ್ಪ್ಯಾನರ್ ಕೂರುತ್ತದಾ ಅಂತ ಮನೆಯಲ್ಲೇ ನೋಡಿಕೊಳ್ಳಿ.

ಮೂಡಿಗೆರೆ ಜೀಪು

ಕೂರುವುದಿಲ್ಲ. ಈಗ ನೋಡಿದೆ. ನಾಳೆ ಪೇಟೆಗೆ ಹೋಗಿ ಇನ್ನೊಂದು ತರುತ್ತೇನೆ.